ಬರೋಲೊ ವೈನು ‘ಹಳತಾಗು’ತ್ತದೆಯೇ, ‘ಮಾಗು’ತ್ತದೆಯೇ, ‘ಪಳಗು’ತ್ತದೆಯೇ?

ಪದಬಲ್ಲ ಮಿತ್ರರಿಗೆ ನಮಸ್ಕಾರ.

ಇಟಲಿಯ ಬರೋಲೊ ಎಂಬ ಕೆಂಪು ವೈನಿನ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಾ ಒಂದು ಕ್ರಿಯಾಪದದ ಬಳಿ ಸಿಕ್ಕಿಕೊಂಡಿದ್ದೇನೆ. ಆಲ್ಬಾ ಪಟ್ಟಣದ ಆಸುಪಾಸಿನ ಲಾಂಗೆ ಗುಡ್ಡಗಳ ಹನ್ನೊಂದು ಊರುಗಳಲ್ಲಿ ಬೆಳೆದ ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾತ್ರ ಈ ವೈನನ್ನು ಮಾಡಬೇಕೆಂಬುದು ಅಲ್ಲಿನ ಕಾನೂನು. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಿಡಿದು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಅದನ್ನು ಇರಿಸಬೇಕು. ಸೀಸೆಯ ಮೇಲೆ ‘ರಿಸೆರ್ವಾ’ (ಹೆಚ್ಚು ಕಾಲ ಇರಿಸಿದ್ದು) ಎಂದು ಬರೆಯಬೇಕಾದರೆ 62 ತಿಂಗಳು.

ಈ ಇರಿಸುವಿಕೆಗೆ ಇಟಾಲಿಯನ್ನಿನಲ್ಲಿ ಎರಡು ಪದಗಳಿವೆ. ಪೀಪಾಯಿಯಲ್ಲಿ ಕಳೆಯುವ ಕಾಲ ‘ಇನ್ವೆಕ್ಕಿಯಮೆಂತೊ’. ಅದರ ಮೂಲದಲ್ಲಿರುವ ‘ವೆಕ್ಕಿಯೊ’ ಎಂದರೆ ಹಳೆಯದು, ಮುದಿ. ಸೀಸೆಯೊಳಗಿನ ಕಾಲವನ್ನು ಸಾಮಾನ್ಯವಾಗಿ ‘ಅಫ್ಫಿನಮೆಂತೊ’ ಎನ್ನುತ್ತಾರೆ, ಅಂದರೆ ನಯಗೊಳ್ಳುವುದು. ಹಳೆ ಅಕ್ಕಿ, ಹಳೆ ಹುಣಸೆಹಣ್ಣು ಎಂದು ಮೆಚ್ಚಿಗೆಯಿಂದ ಹೇಳುವ ನಮಗೆ ಮೊದಲನೆಯದು ಸುಲಭವಾಗಬೇಕಿತ್ತು. ಆದರೆ ‘ಹಳತಾದ ವೈನು’ ಎಂದೊಡನೆ ಓದುಗರಿಗೆ ಹಳಸಿದ ಅನ್ನ ನೆನಪಾಗುತ್ತದೆಂಬ ಅಳುಕು ನನ್ನದು. ‘ಮಾಗಿದ ವೈನು’ ಕಿವಿಗೆ ಹಿತವಾಗಿದೆ. ತೊಡಕೆಂದರೆ ದ್ರಾಕ್ಷಿಯೂ ಮಾಗುತ್ತದೆ. ನೆಬ್ಬಿಯೋಲೊ ತಡವಾಗಿ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಗುಡ್ಡಗಳಿಗೆ ಮಂಜು ಕವಿಯುವ ಹೊತ್ತಿಗೆ ಮಾಗುವ ತಳಿ ಎಂದು ಅದೇ ಪುಟದಲ್ಲಿ ಆಗಲೇ ಬರೆದಿದ್ದೇನೆ.

ನಿಜವಾದ ತೊಡಕು ಟ್ಯಾನಿನ್ನಿನದು, ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗಿಳಿದು ಬಾಯಿ ಬಿಗಿಸುವ ವಸ್ತುವಿನದು. ಅದಕ್ಕೆ ನಮ್ಮಲ್ಲಿ ‘ಒಗರು’ ಇದ್ದೇ ಇದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ‘ಚೊಗರು’ ಎಂದರೆ ಬಹುಮಟ್ಟಿಗೆ ಟ್ಯಾನಿನ್ನೇ. ಬರೋಲೊ ನೋಡುವುದಕ್ಕೆ ತಿಳಿಗೆಂಪು, ಬಾಯಿಗಿಟ್ಟರೆ ಎಳೆಯ ವಯಸ್ಸಿನಲ್ಲಿ ಒಸಡು ಬಿಗಿಯುವಷ್ಟು ಒಗರು. ಷಡ್ರಸಗಳಲ್ಲಿ ನಾವು ಅದನ್ನು ಎಣಿಸಿಕೊಂಡಿದ್ದರೂ ಅದು ನಾಲಿಗೆಯ ರುಚಿಗಿಂತ ಹೆಚ್ಚಾಗಿ ಸ್ಪರ್ಶ: ಟ್ಯಾನಿನ್ನು ಎಂಜಲಿನ ಪ್ರೋಟೀನುಗಳನ್ನು ಹಿಡಿದುಕೊಂಡು ಬಾಯಿಯ ಜಾರುತನವನ್ನು ಕಸಿದುಕೊಳ್ಳುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ನಿನ ಕಣಗಳು ಒಂದಕ್ಕೊಂದು ಮತ್ತು ಬಣ್ಣದ ಕಣಗಳೊಂದಿಗೆ ಬೆಸೆದುಕೊಳ್ಳುತ್ತವೆ, ಒಂದಿಷ್ಟು ಸೀಸೆಯ ತಳದಲ್ಲಿ ಗಷ್ಟಾಗಿ ಕೂರುತ್ತದೆ, ಲೋಟದ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಕಾಣಿಸಿಕೊಳ್ಳುತ್ತದೆ. ಗುಲಾಬಿ ಮತ್ತು ಡಾಂಬರಿನ ವಾಸನೆ ಎಂದು ರಸಿಕರು ಹೇಳುವ ಆ ವಿಚಿತ್ರ ಜೋಡಿಯ ಜೊತೆಗೆ ಒಣ ಎಲೆಯ, ಚರ್ಮದ ವಾಸನೆಗಳು ಸೇರುತ್ತವೆ. ಆ ಹನ್ನೊಂದು ಊರುಗಳಲ್ಲಿ ಸೆರ್ರಲುಂಗಾದ ಮಣ್ಣಿನ ವೈನಿಗೆ ಈ ಹದ ಬರಲು ಲಾ ಮೊರ್ರಾ ಊರಿನ ವೈನಿಗಿಂತ ಹೆಚ್ಚು ಕಾಲ ಬೇಕೆಂಬುದು ಬಲ್ಲವರ ಸಾಮಾನ್ಯ ಅಭಿಪ್ರಾಯ.

ಇಲ್ಲಿ ಒಗರು ಏನಾಯಿತು ಎನ್ನಬೇಕು? ಬಾಳೆಹೂವನ್ನು ಮಜ್ಜಿಗೆಯಲ್ಲಿ ನೆನೆಸಿ ‘ಒಗರು ತೆಗೆಯುತ್ತೇವೆ’. ಇಲ್ಲಿ ಯಾರೂ ತೆಗೆದಿಲ್ಲ. ‘ಹೋಯಿತು’ ಎಂದರೆ ಸುಳ್ಳು, ಏಕೆಂದರೆ ಇಪ್ಪತ್ತು ವರ್ಷದ ಒಳ್ಳೆಯ ಬರೋಲೊದಲ್ಲಿಯೂ ಅದು ಇರುತ್ತದೆ, ಕಚ್ಚುವುದಿಲ್ಲ ಅಷ್ಟೆ. ಹೊಸ ಕಾವಲಿಗೆ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ‘ಪಳಗಿಸುವ’ ಮಾತು ನಮ್ಮ ಅಡುಗೆಮನೆಗಳಲ್ಲಿದೆಯಲ್ಲ, ಅದರಿಂದ ‘ಒಗರು ಪಳಗಿದೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಪೀಪಾಯಿಯ ಕಾಲಕ್ಕೆ ‘ಮಾಗು’, ಸೀಸೆಯ ಕಾಲಕ್ಕೆ ‘ಪಳಗು’ ಎಂದು ಹಂಚಿದರೆ ಇಟಾಲಿಯನ್ನಿನ ಭೇದವೂ ಉಳಿಯುತ್ತದೆ. ಆದರೆ ಪಾತ್ರೆ, ಕೈ, ಪ್ರಾಣಿಗಳಿಗೆ ಸಲ್ಲುವ ‘ಪಳಗು’ ರುಚಿಗೂ ಸಲ್ಲುವುದನ್ನು ನಿಮ್ಮ ಕಡೆ ಯಾರಾದರೂ ಕೇಳಿದ್ದೀರಾ? ಉಪ್ಪಿನಕಾಯಿಗೋ ಜೋನಿಬೆಲ್ಲಕ್ಕೋ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.