‘ಓವರ್‌ಕ್ಲಾಕ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ನಮಸ್ಕಾರ,

ಶಿರಸಿಯಿಂದ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದಕ್ಕೆ, ಅಂದರೆ ಇಂಗ್ಲಿಷಿನ ‘ಓವರ್‌ಕ್ಲಾಕ್’ಗೆ, ಒಂದು ಪದ ಬೇಕಾಗಿದೆ.

ಅಕ್ಕನ ಮಗನೂ ನಾನೂ ಸೇರಿ ಲೆಕ್ಕ ಮಾಡುವುದಕ್ಕೆಂದೇ ಒಂದು ಕಂಪ್ಯೂಟರ್ ಜೋಡಿಸುತ್ತಿದ್ದೇವೆ. ಅದರಲ್ಲಿ ಆಟ ಇಲ್ಲ, ಸಿನಿಮಾ ಇಲ್ಲ. ಹಗಲೂ ರಾತ್ರಿ ಬೋಯಿಂಕ್ (ಸಂಶೋಧಕರ ದೊಡ್ಡ ಲೆಕ್ಕಗಳನ್ನು ಜನರ ಮನೆಯ ಕಂಪ್ಯೂಟರುಗಳಿಗೆ ಹಂಚುವ ತಂತ್ರಾಂಶ) ಓಡಿಸಿ, ಪ್ರೋಟೀನುಗಳ ಆಕಾರ ಹುಡುಕುವಂಥ ಸಂಶೋಧನೆಗೆ ಲೆಕ್ಕ ಮಾಡಿಕೊಡುವ ಆಸೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಹಾಗಾಗಿ ಯಾರೋ ಬಳಸಿ ಬಿಟ್ಟ ರೈಜನ್ 5 1600 ಎಂಬ ಪ್ರೊಸೆಸರ್ ತಂದು ಓವರ್‌ಕ್ಲಾಕ್ ಮಾಡೋಣ ಅಂದುಕೊಂಡೆವು. ಊರಿನ ಹುಡುಗರಿಗೂ ತಿಳಿಯಲಿ ಎಂದು ನಾಲ್ಕು ಪುಟ ಬರೆಯಲು ಕೂತರೆ ಮೊದಲ ಸಾಲಿಗೇ ಪದ ಸಿಗಲಿಲ್ಲ.

ಅಳಿಯ ಇದಕ್ಕೆ ಸುಮ್ನೆ ‘ಓಸಿ’ ಎನ್ನುತ್ತಾನೆ. ಬೇರೆ ಕಡೆ ನಡೆಯಬಹುದು. ನಮ್ಮ ಜಿಲ್ಲೆಯಲ್ಲಿ ಓಸಿ ಎಂದರೆ ಮಟ್ಕಾ ಅಲ್ವಾ? ಅವನು ಫೋನಿನಲ್ಲಿ ‘ನಿನ್ನೆ ರಾತ್ರಿ ಓಸಿ ಮಾಡಿದೆ’ ಎಂದದ್ದು ಆಯಿಯ ಕಿವಿಗೆ ಬಿತ್ತು. ಅವಳಿಗೆ ಗಾಬರಿ. ‘ಯಾರ ಹತ್ರ ಬರೆಸಿದ್ಯೋ?’ ಎಂದು ಕೇಳಿದಳು. ಬೆಂಗಳೂರಿನವರಿಗೆ ಓಸಿ ಅಂದರೆ ಪುಕ್ಕಟೆ. ನನಗೆ ಎರಡೂ ಬೇಡ.

‘ಅತಿಗಡಿಯಾರ’ ಎಂದು ಬರೆದು ಹೊಡೆದು ಹಾಕಿದೆ. ಇಲ್ಲಿರುವುದು ಹೊತ್ತು ತೋರಿಸುವ ಗಡಿಯಾರವಲ್ಲ, ಮಿಡಿತ. ಮದರ್‌ಬೋರ್ಡಿನಲ್ಲಿ ಸೆಕೆಂಡಿಗೆ 10 ಕೋಟಿ ಸಲ, ಅಂದರೆ 100 ಮೆಗಾಹರ್ಟ್ಸ್, ಒಂದು ಮಿಡಿತ ಇರುತ್ತದೆ. ಈ ಪ್ರೊಸೆಸರ್ ಅದನ್ನು 32ರಿಂದ ಗುಣಿಸಿ 3.2 ಗಿಗಾಹರ್ಟ್ಸ್ ಮಾಡಿಕೊಳ್ಳುತ್ತದೆ. 32ರ ಜಾಗದಲ್ಲಿ 37 ಇಟ್ಟರೆ 3.7 ಆಯಿತು. ಆದ್ದರಿಂದ ‘ಮೂಲ ಮಿಡಿತ’ ಮತ್ತು ‘ಗುಣಕ’ ಎಂಬ ಎರಡು ಪದ ಬೇಕೇ ಬೇಕು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರ್ ನೆನಪಿದೆಯಾ? ಅದರ ಗುಣಕಕ್ಕೆ 4.5ರಲ್ಲೇ ಬೀಗ ಹಾಕಿತ್ತು, ಬದಲಿಸಲು ಬರುತ್ತಿರಲಿಲ್ಲ. ಜನ ಮೂಲ ಮಿಡಿತವನ್ನೇ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್ಪಿನಿಂದ 450 ತೆಗೆದರು. ಈ ಎರಡನ್ನೂ ‘ವೇಗ ಹೆಚ್ಚಿಸುವುದು’ ಎಂದುಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ರ‍್ಯಾಮ್ ಹಾಕಿದರೂ ವೇಗ ಹೆಚ್ಚುತ್ತದೆ.

‘ಅತಿ’, ‘ಮಿತಿಮೀರಿದ’ ಎನ್ನುವುದೂ ನನಗೆ ಹಿಡಿಸದು. ಕಂಪನಿ ಹೇಳಿದ ಅಂಕಿಗಿಂತ ಮೇಲೆ ಹೋಗಿದ್ದೇವೆ, ಅಷ್ಟೇ. ನನ್ನ ಮನಸ್ಸು ‘ಮಿಡಿತ ಏರಿಸು’ ಎಂಬ ಕ್ರಿಯಾಪದದ ಕಡೆಗಿದೆ. ಯಕ್ಷಗಾನದಲ್ಲಿ ಭಾಗವತರು ಲಯ ಏರಿಸುತ್ತಾರೆ. ಮದ್ದಳೆಯವರು, ಕುಣಿಯುವವರು ಅದಕ್ಕೆ ತಕ್ಕಂತೆ ಹೋಗಬೇಕು. ಒಬ್ಬರಿಗೆ ಆಗದಿದ್ದರೆ ತಾಳ ತಪ್ಪುತ್ತದೆ. ಚಿಪ್ಪಿನೊಳಗೂ ಹಾಗೇ: ಒಂದು ಮಿಡಿತದ ಕೆಲಸ ಮುಗಿಯುವ ಮೊದಲೇ ಮುಂದಿನ ಮಿಡಿತ ಬಂದರೆ ಲೆಕ್ಕ ಕೆಡುತ್ತದೆ. ಯಂತ್ರ ನಿಂತು ಹೋದರೆ ಗೊತ್ತಾಗುತ್ತದೆ. ನಿಲ್ಲದೆ ತಪ್ಪು ಉತ್ತರ ಕೊಡುತ್ತಾ ಹೋದರೆ? ಅದಕ್ಕೇ ಬೋಯಿಂಕ್‌ನ ಎಷ್ಟೋ ಯೋಜನೆಗಳಲ್ಲಿ ಒಂದೇ ಲೆಕ್ಕವನ್ನು ಎರಡು ಕಂಪ್ಯೂಟರಿಗೆ ಕೊಟ್ಟು ತಾಳೆ ನೋಡುತ್ತಾರೆ. ‘ಅಸ್ಥಿರ’ ಎನ್ನುವುದಕ್ಕಿಂತ ‘ತಾಳ ತಪ್ಪಿದೆ’ ಎಂದರೆ ಹುಡುಗರಿಗೆ ಬೇಗ ತಲೆಗೆ ಹೋಗುತ್ತದೆ. ಆದರೆ ಬಯಲುಸೀಮೆಯ ಓದುಗರಿಗೂ ಇದು ಹೊಂದೀತೇ? ಹೇಳಿ.

ಇನ್ನು ‘ಅನ್‌ಲಾಕ್ಡ್’, ಅಂದರೆ ಗುಣಕ ಬದಲಿಸಲು ಬಿಡುವ ಪ್ರೊಸೆಸರ್. ‘ಬೀಗ ತೆಗೆದ’ ಎಂದರೆ ಯಾರೋ ಆಮೇಲೆ ತೆಗೆದಂತಾಗುತ್ತದೆ. ರೈಜನ್ 1600 ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ. ‘ಬೀಗವಿಲ್ಲದ ಗುಣಕ’ ಸಾಕಲ್ಲವೇ?

‘ಬಜೆಟ್ ಪ್ರೊಸೆಸರ್’ಗೆ ಕಡಿಮೆ ಬೆಲೆಯದು ಎಂದರೆ ಮುಗಿಯಿತು. ‘ಡೆಡಿಕೇಟೆಡ್’ಗೆ ಅಳಿಯ ‘ಮೀಸಲು’ ಎಂದ. ನಾನು ‘ಮುಡಿಪು’ ಎಂದೆ. ದೇವರಿಗೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನ ದುಡ್ಡನ್ನು ಎಷ್ಟೇ ಕಷ್ಟ ಬಂದರೂ ಮನೆ ಖರ್ಚಿಗೆ ಮುಟ್ಟುವುದಿಲ್ಲ. ಈ ಕಂಪ್ಯೂಟರೂ ಹಾಗೇ ಇರಬೇಕು ಎಂಬುದು ನಮ್ಮಿಬ್ಬರ ಮಾತು. ‘ಲೆಕ್ಕಕ್ಕೆ ಮುಡಿಪಾದ ಯಂತ್ರ’ ಎಂದರೆ ಭಾರವಾಯಿತೇ?

ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ಕೇಳಬೇಕು. ದೋಣಿಯ ಎಂಜಿನ್ ರಿಪೇರಿ ಮಾಡುವವರು, ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಎಂಜಿನ್ ಓಡಿಸುವುದಕ್ಕೆ ಏನಾದರೂ ಪದ ಬಳಸುತ್ತಾರಾ? ಬಂದರಿನಲ್ಲಿ ವಿಚಾರಿಸಿ ತಿಳಿಸಿದರೆ, ಬರೆದ ಪುಟಗಳನ್ನು ಅದೇ ಪದ ಹಾಕಿ ತಿದ್ದುತ್ತೇನೆ.