ಸಿಮೇಕ್: ಹೊಸ ಎಫ್‌ಎಂಟಿ ಇದ್ದರೂ ಹಳೆಯದನ್ನೇ ಹಿಡಿಯುತ್ತಿದೆ

ಪ್ರಶ್ನೆ

ಉಬುಂಟು 22.04, ಸಿಮೇಕ್ (ಸಿ++ ಪ್ರಾಜೆಕ್ಟ್ ಬಿಲ್ಡ್ ಮಾಡಲು ಬಳಸುವ ಟೂಲ್) 3.22.1. ಎಫ್‌ಎಂಟಿ (ಸಿ++ನಲ್ಲಿ ಪಠ್ಯ ಫಾರ್ಮ್ಯಾಟ್ ಮಾಡುವ) ಲೈಬ್ರರಿಯ 10ನೇ ಆವೃತ್ತಿಯನ್ನು ಬಿಲ್ಡ್ ಮಾಡಿ ಹೋಮ್‌ನ ಆಪ್ಟ್/ಎಫ್‌ಎಂಟಿ ಒಳಗೆ ಇನ್‌ಸ್ಟಾಲ್ ಮಾಡಿದ್ದೇನೆ. ಲಿಬ್/ಸಿಮೇಕ್/ಎಫ್‌ಎಂಟಿ ಫೋಲ್ಡರಿನಲ್ಲಿ ಕಾನ್ಫಿಗ್ ಫೈಲೂ ಇದೆ. ಆದರೂ ಫೈಂಡ್_ಪ್ಯಾಕೇಜ್(ಎಫ್‌ಎಂಟಿ ರಿಕ್ವೈರ್ಡ್) ಎಂಬ ಹುಡುಕುವ ಆದೇಶ ಏಪ್ಟ್‌ (ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್) ಹಾಕಿದ 8.1.1 ಅನ್ನೇ ಹಿಡಿಯುತ್ತದೆ. ಎಲ್ಲಿ ಹುಡುಕಬೇಕೆಂದು ಹೇಳುವ ವೇರಿಯಬಲ್ ಸಿಮೇಕ್_ಪ್ರಿಫಿಕ್ಸ್_ಪಾತ್‌ಗೆ ಮೊದಲು ಆಪ್ಟ್/ಎಫ್‌ಎಂಟಿ/ಲಿಬ್ ಕೊಟ್ಟೆ, ಆಮೇಲೆ ಬರೀ ಆಪ್ಟ್/ಎಫ್‌ಎಂಟಿ. ಎರಡಕ್ಕೂ ಅದೇ ಹಳೇ ಹಾಡು.

ಉತ್ತರ 1

ಇಲ್ಲಿ ಒಂದರ ಮೇಲೊಂದು ಎರಡು ತಪ್ಪು ಕೂತಿವೆ. ಪ್ರಿಫಿಕ್ಸ್ ಅಂದರೆ ಇನ್‌ಕ್ಲೂಡ್ ಮತ್ತು ಲಿಬ್ ಎರಡೂ ಇರುವ ಮೇಲಿನ ಫೋಲ್ಡರ್. ಅದರ ಮುಂದೆ ಲಿಬ್/ಸಿಮೇಕ್/ಎಫ್‌ಎಂಟಿ ಸೇರಿಸಿ ಹುಡುಕುವುದು ಸಿಮೇಕ್ ಕೆಲಸ. ನೀವೇ ಲಿಬ್ ಸೇರಿಸಿದ್ದಕ್ಕೆ ಅದು ಲಿಬ್/ಲಿಬ್/ಸಿಮೇಕ್ ಹುಡುಕಿ, ಸಿಗದೆ, ಸದ್ದಿಲ್ಲದೆ ಏಪ್ಟ್‌ನದು ಇರುವ ಸಿಸ್ಟಮ್ ಫೋಲ್ಡರ್ /ಯುಎಸ್‌ಆರ್‌ಗೆ ಹೋಯಿತು.

ಎರಡನೇ ಸಲ ಸರಿಯಾಗಿಯೇ ಕೊಟ್ಟಿರಿ, ಆದರೆ ಅಷ್ಟರಲ್ಲಿ 8.1.1ರ ಜಾಗ ಕ್ಯಾಶ್ (ಹಿಂದಿನ ಸಲ ಕಂಡದ್ದನ್ನು ಸಿಮೇಕ್ ಬರೆದಿಟ್ಟುಕೊಳ್ಳುವ ಫೈಲು) ಸೇರಿತ್ತು. ಬಿಲ್ಡ್ ಫೋಲ್ಡರಿನ ಕ್ಯಾಶ್ ಫೈಲಿನಲ್ಲಿ ಎಫ್‌ಎಂಟಿ_ಡಿಐಆರ್ (ಎಫ್‌ಎಂಟಿ ಸಣ್ಣಕ್ಷರ, ಡಿಐಆರ್ ದೊಡ್ಡಕ್ಷರ) ಗ್ರೆಪ್ ಮಾಡಿ (ಹುಡುಕಿ). /ಯುಎಸ್‌ಆರ್/ಲಿಬ್ ಕೆಳಗಿನ ದಾರಿಯೇ ಕಾಣುತ್ತದೆ. ಅದು ಇರುವವರೆಗೆ ಪ್ರಿಫಿಕ್ಸ್ ಕಡೆ ಸಿಮೇಕ್ ತಿರುಗಿಯೂ ನೋಡುವುದಿಲ್ಲ. ಮೈನಸ್ ದೊಡ್ಡ ಯು ಆಪ್ಷನ್ನಿಗೆ ಆ ಹೆಸರು ಕೊಟ್ಟು ಕ್ಯಾಶ್‌ನಿಂದ ತೆಗೆಯಿರಿ, ಇಲ್ಲವೇ ಬಿಲ್ಡ್ ಫೋಲ್ಡರನ್ನೇ ಅಳಿಸಿ. ಹಳೇ ಕ್ಯಾಶ್ ಬಿಟ್ಟು ಹೊಸದಾಗಿ ಶುರು ಮಾಡುವ ಫ್ರೆಶ್ ಆಪ್ಷನ್ ಬಂದದ್ದು 3.24ರಲ್ಲಿ, ನಿಮ್ಮದರಲ್ಲಿ ಇಲ್ಲ.

ಮುಖ್ಯವಾಗಿ, ಆವೃತ್ತಿ ಬರೆಯಿರಿ: ಫೈಂಡ್_ಪ್ಯಾಕೇಜ್(ಎಫ್‌ಎಂಟಿ 10 ರಿಕ್ವೈರ್ಡ್). ಆಗ 8.1.1 ತಿರಸ್ಕಾರವಾಗುತ್ತದೆ. 10 ಎಲ್ಲೂ ಸಿಗದಿದ್ದರೆ, ಯಾವ ಫೈಲನ್ನು ನೋಡಿ ಬಿಟ್ಟಿತು ಎಂಬುದು ಎರರ್‌ನಲ್ಲೇ ದಾರಿ ಸಮೇತ ಬರುತ್ತದೆ.

ಪ್ರಶ್ನೆ ಕೇಳಿದವರು

ಸರಿಹೋಯಿತು, ಥ್ಯಾಂಕ್ಸ್. ಇನ್ನೊಂದು ಮೆಷಿನ್ನಿಗೆ ಏಪ್ಟ್‌ನದೇ ಸಾಕು, ಪ್ರಿಫಿಕ್ಸ್ ಕೊಟ್ಟಿಲ್ಲ, ಬಿಲ್ಡ್ ಫೋಲ್ಡರೂ ಹೊಸದು. ಅಲ್ಲಿ ಎಲ್ಲಿಂದಲೋ 9 ಬರುತ್ತಿದೆ!

ಉತ್ತರ 2

ಆ ಟರ್ಮಿನಲ್‌ನಲ್ಲಿ ಕೊಂಡಾ (ತನ್ನದೇ ಫೋಲ್ಡರಿನಲ್ಲಿ ಲೈಬ್ರರಿಗಳನ್ನು ಇಡುವ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್) ಆಕ್ಟಿವೇಟ್ ಆಗಿದೆಯೇ ನೋಡಿ. ಶೆಲ್‌ನ ಪಾತ್ ವೇರಿಯಬಲ್‌ನಲ್ಲಿ ಬಿನ್ ಎಂದು ಮುಗಿಯುವ ಪ್ರತಿ ದಾರಿಯ ಮೇಲಿನ ಫೋಲ್ಡರನ್ನೂ ಸಿಮೇಕ್ ಪ್ರಿಫಿಕ್ಸ್ ಎಂದೇ ಎಣಿಸುತ್ತದೆ, ಅದೂ ಸಿಸ್ಟಮ್ ಫೋಲ್ಡರುಗಳಿಗಿಂತ ಮೊದಲು. ಡಿಆಕ್ಟಿವೇಟ್ ಮಾಡಿ, ಅಥವಾ ಸಿಮೇಕ್_ಫೈಂಡ್_ಯೂಸ್_ಸಿಸ್ಟಮ್_ಎನ್ವಿರಾನ್ಮೆಂಟ್_ಪಾತ್ ಅನ್ನು ಆಫ್ ಮಾಡಿ (3.16ರಿಂದ ಇದೆ). ಎರಡರಲ್ಲಿ ಯಾವುದೇ ಮಾಡಿದರೂ ಮೇಲೆ ಹೇಳಿದ ಕ್ಯಾಶ್ ಎಂಟ್ರಿ ತೆಗೆಯಲೇಬೇಕು.

ಹೆಡರ್ (ಕೋಡಿನಲ್ಲಿ ಇನ್‌ಕ್ಲೂಡ್ ಮಾಡುವ ಫೈಲು) ಒಂದು ಕಡೆಯದು, ಲೈಬ್ರರಿ ಇನ್ನೊಂದು ಕಡೆಯದು ಆದರೆ ಲಿಂಕರ್ (ಕೋಡನ್ನು ಲೈಬ್ರರಿಗೆ ಜೋಡಿಸುವ ಟೂಲ್) ಕೊಡುವ ಎರರೇ ಸುಳಿವು: ಸಿಗದ ಸಿಂಬಲ್‌ನ ಹೆಸರಿನಲ್ಲಿ ವಿ9 ಅಥವಾ ವಿ10 ಇರುತ್ತದೆ. ಅದು ಹೆಡರಿನ ಆವೃತ್ತಿ, ಲೈಬ್ರರಿಯದಲ್ಲ.

ಇಷ್ಟಕ್ಕೂ ತಿಳಿಯದಿದ್ದರೆ ಡಿಬಗ್-ಫೈಂಡ್ ಆಪ್ಷನ್ ಹಾಕಿ ಓಡಿಸಿ, ಸ್ಟ್ಯಾಂಡರ್ಡ್ ಎರರನ್ನು ಫೈಲಿಗೆ ತಿರುಗಿಸಿ. ಪುಟಗಟ್ಟಲೆ ಬರುತ್ತದೆ, ಎಫ್‌ಎಂಟಿ ಎಂದು ಹುಡುಕಿದರೆ ತಡಕಾಡಿದ ಜಾಗಗಳೆಲ್ಲ ಸಾಲಾಗಿ ಸಿಗುತ್ತವೆ. ಒಂದೇ ಪ್ಯಾಕೇಜಿಗೆ ಸೀಮಿತಗೊಳಿಸುವ ಆಪ್ಷನ್ನಿಗೆ 3.23 ಬೇಕು.

ಉತ್ತರ 3

ಎಫ್‌ಎಂಟಿ_ರೂಟ್ ಎಂಬ ವೇರಿಯಬಲ್‌ಗೆ ಪ್ರಿಫಿಕ್ಸ್ ಕೊಟ್ಟರೆ ಆ ಒಂದು ಪ್ಯಾಕೇಜಿಗೆ ಮಾತ್ರ ಅನ್ವಯ, ಪ್ರಿಫಿಕ್ಸ್ ಪಾತ್‌ಗಿಂತ ಅದೇ ಮೇಲು. ಆದರೆ ಪ್ರಾಜೆಕ್ಟಿನ ಸಿಮೇಕ್_ಮಿನಿಮಮ್_ರಿಕ್ವೈರ್ಡ್ (ಪ್ರಾಜೆಕ್ಟ್ ಕೇಳುವ ಕನಿಷ್ಠ ಸಿಮೇಕ್ ಆವೃತ್ತಿ) 3.12ಕ್ಕಿಂತ ಕಡಿಮೆ ಇದ್ದರೆ ಒಂದು ವಾರ್ನಿಂಗ್ ಕೊಟ್ಟು ಅದನ್ನು ಬದಿಗಿಡುತ್ತದೆ. ಆ ವಾರ್ನಿಂಗನ್ನು ಓದುವವರೇ ಇಲ್ಲ.