ಸಹಾಯ ಬೇಕು: ರೈಫಲ್ ಕ್ಲೀನ್ ಮಾಡಲು ಯಾವ ರಾಡ್, ಯಾವ ಬ್ರಷ್?

ಎಲ್ಲರಿಗೂ ನಮಸ್ಕಾರ. ನನ್ನದು .308 ಬೋಲ್ಟ್ ಆಕ್ಷನ್ ರೈಫಲ್. ಇಲ್ಲಿವರೆಗೆ ಮೂರು ತುಂಡಿನ ಅಲ್ಯೂಮಿನಿಯಂ ರಾಡ್‌ನಲ್ಲೇ ಬ್ಯಾರೆಲ್ ಒರೆಸುತ್ತಿದ್ದೆ. ಮೊನ್ನೆ ಬೆಳಕಿಗೆ ಹಿಡಿದು ನೋಡಿದರೆ ಜಾಯಿಂಟ್ ಹತ್ತಿರ ಸಣ್ಣ ಅಂಚು ಎದ್ದಿದೆ. ಸವರಿದರೆ ಉಗುರಿಗೆ ಸಿಗುತ್ತದೆ. ಅದು ಬ್ಯಾರೆಲ್ ಒಳಗಿನ ರೈಫ್ಲಿಂಗ್‌ಗೆ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳಿಗೆ) ಉಜ್ಜಿದರೆ ಏನು ಗತಿ ಅಂತ ಹೆದರಿ ಅವತ್ತೇ ಪಕ್ಕಕ್ಕಿಟ್ಟೆ.

ಈಗ ಒಂದೇ ತುಂಡಿನ, ಕೋಟಿಂಗ್ ಇರುವ ಸ್ಟೀಲ್ ರಾಡ್ ತೆಗೆದುಕೊಳ್ಳುವ ಯೋಚನೆ. ಕಾರ್ಬನ್ ಫೈಬರ್ ಅದಕ್ಕಿಂತ ಒಳ್ಳೆಯದಾ? ಯಾವಾಗಲೂ ಚೇಂಬರ್ (ಗುಂಡು ಕೂರುವ ಹಿಂಬದಿ) ಕಡೆಯಿಂದಲೇ ರಾಡ್ ಹಾಕುತ್ತೇನೆ. ಆದರೂ ಬೋರ್ ಗೈಡ್ (ರಾಡ್ ನೇರವಾಗಿ ಹೋಗುವಂತೆ ಹಿಡಿಯುವ ಕೊಳವೆ) ಬೇಕೇ ಬೇಕು, ಅಲ್ವಾ?

ಜಾಸ್ತಿ ತಲೆಕೆಡಿಸಿರುವುದು ಇನ್ನೊಂದು ವಿಷಯ. ಗುಂಡುಗಳಿಂದ ಬ್ಯಾರೆಲ್ ಒಳಗೆ ಅಂಟಿದ ತಾಮ್ರ ತೆಗೆಯಲು ಅಮೋನಿಯಾ ಇರುವ ಸಾಲ್ವೆಂಟ್ ಹಾಕಿದರೆ ಬಟ್ಟೆ ತುಂಡು ಎಷ್ಟು ಸಲ ಎಳೆದರೂ ನೀಲಿಯಾಗಿಯೇ ಬರುತ್ತಿದೆ. ನನ್ನ ಜಾಗ್ (ರಾಡ್ ತುದಿಯಲ್ಲಿ ಬಟ್ಟೆ ಹಿಡಿಯುವ ತುಣುಕು) ಹಿತ್ತಾಳೆಯದು. ಹಿತ್ತಾಳೆಯಲ್ಲೂ ತಾಮ್ರ ಇರುವುದರಿಂದ ಅದೇ ಬಣ್ಣ ಬಿಡುತ್ತಿರಬೇಕು. ಹಾಗಾದರೆ ಬ್ಯಾರೆಲ್ ನಿಜವಾಗಿ ಕ್ಲೀನ್ ಆಗಿದೆ ಅಂತ ತಿಳಿಯುವುದು ಹೇಗೆ? ಪ್ಲಾಸ್ಟಿಕ್ ಜಾಗ್, ನೈಲಾನ್ ಬ್ರಷ್ ಹಾಕಿದರೆ ಸಾಕಾ, ಅಥವಾ ಬ್ರಾಂಜ್ ಬ್ರಷ್ಷೂ ಇರಬೇಕಾ?

ಎಣ್ಣೆ, ಬಟ್ಟೆ ಇದೆ. ಸುಮ್ನೆ ದೊಡ್ಡ ಕಿಟ್ ಬೇಡ. ನೀವೇ ಬಳಸಿ ನೋಡಿದ್ದನ್ನು ಹೇಳಿ, ದಯವಿಟ್ಟು.